ಯಂತ್ರಕ್ಕಿಟ್ಟ ಕುಂಕುಮ

ಬೆಂಗಳೂರು
18 ಅಕ್ಟೋಬರ್ 1981

ಪ್ರೀತಿಯ ಮಲ್ಲಿ,

ತರೀಕೆರೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಕೆಲಸ ನಿನಗೆ ಸಿಕ್ಕಿತೆಂದು ತಿಳಿದ ದಿನವೇ ಬರೆಯಬೇಕೆಂದಿದ್ದೆ. ಕೂತಾಗಲೆಲ್ಲ ಪಂಪು ಕೆಡುತ್ತಿತ್ತು. ನಿನ್ನ ಸಂಶೋಧನೆ ಎಂದರೆ ಏನೇ ಎಂದು ಕೇಳಿದ್ದೀಯಲ್ಲ, ಅದರಲ್ಲಿ ಮುಕ್ಕಾಲು ಪಾಲು ಈ ಪಂಪಿನ ಸೇವೆ.

ಹಂಡೆಯನ್ನು ಮಗುಚಿಟ್ಟ ಹಾಗೆ ಒಂದು ದೊಡ್ಡ ಗಾಜಿನ ಮುಚ್ಚಳವಿದೆ. ಅದರೊಳಗಿನ ಗಾಳಿಯನ್ನು ಪಂಪು ಎಳೆದುಹಾಕಬೇಕು. ಆಮೇಲೆ ಒಳಗಿಟ್ಟ ಲೋಹದ ಚೂರನ್ನು ಕಾಯಿಸಿದರೆ ಅದು ಆವಿಯಾಗಿ ಹೋಗಿ ಮೇಲೆ ಕೂರಿಸಿದ ಗಾಜಿನ ಬಿಲ್ಲೆಗೆ ಅಂಟಿಕೊಳ್ಳುತ್ತದೆ. ಮೊದಲು ಚಿನ್ನ, ಅದರ ಮೇಲೆ ಪಲ್ಲಾಡಿಯಂ ಎಂಬ ಬಿಳಿ ಲೋಹ, ಮತ್ತೆ ಚಿನ್ನ. ಒಂದೊಂದು ಪದರವೂ ಕೆಲವೇ ಪರಮಾಣುಗಳಷ್ಟು ತೆಳು. ಕಣ್ಣಿಗೆ ಕಾಣುವುದು ಗಾಜಿನ ಮೇಲಿನ ಮಾಸಲು ಮಾತ್ರ.

ಪಲ್ಲಾಡಿಯಂ ಕಬ್ಬಿಣದ ಹಾಗೆ ಆಯಸ್ಕಾಂತವಾಗುವುದಿಲ್ಲ. ಆದರೆ ಆಗಲು ಕೂದಲೆಳೆಯಷ್ಟೇ ಬಾಕಿ. ಅಷ್ಟು ತೆಳ್ಳಗೆ ಮಾಡಿದರೆ ಆ ಗಡಿ ದಾಟೀತೇ ಎನ್ನುವುದು ನಮ್ಮ ಪ್ರಶ್ನೆ. ತೆಳುವಾದರೆ ಯಾಕೆ ಬದಲಾಗಬೇಕು ಎಂದು ನೀನು ಕೇಳುತ್ತೀಯ. ಶಿವಮೊಗ್ಗದ ನಮ್ಮ ಹಾಸ್ಟೆಲ್ ರೂಮು ನೆನಪಿದೆಯಾ? ಗೋಡೆಯಿಂದ ಗೋಡೆಗೆ ಮೂರು ಮಂಚ ಹಿಡಿಸುತ್ತಿತ್ತು. ಎಷ್ಟು ಜಾಣತನ ಮಾಡಿದರೂ ಮೂರೂವರೆ ಹಿಡಿಸುತ್ತಿರಲಿಲ್ಲ. ಲೋಹದೊಳಗಿನ ಇಲೆಕ್ಟ್ರಾನೂ ಅಲೆಯ ಹಾಗೆ. ದೊಡ್ಡ ಗಟ್ಟಿಯಲ್ಲಿ ಎಂಥ ಅಲೆಗಾದರೂ ಜಾಗವಿದೆ. ತೆಳು ಪದರದಲ್ಲಿ ಎರಡು ಗೋಡೆಗಳ ನಡುವೆ ಸರಿಯಾಗಿ ಕೂರುವ ಅಲೆಗಳಷ್ಟೇ ಉಳಿಯುತ್ತವೆ. ಆದ್ದರಿಂದ ಅದೇ ಲೋಹ ಬೇರೆಯೇ ಆಗಬಹುದು. ಆಗಬಹುದು, ಅಷ್ಟೆ. ಈವರೆಗೆ ನಮ್ಮ ಪದರಗಳು ಏನೂ ಹೇಳಿಲ್ಲ.

ಆಯುಧಪೂಜೆ ಜೋರಾಗಿ ಆಯಿತು. ಲ್ಯಾಬಿನಲ್ಲಿ ಹುಡುಗಿ ನಾನೊಬ್ಬಳೇ. ‘ಹುಡುಗೀರಿಗೆ ಪಂಪು ಬಿಚ್ಚೋಕೆ ಬರಲ್ಲ’ ಎಂದು ಇಷ್ಟು ದಿನ ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳುತ್ತಿದ್ದವರೆಲ್ಲ ಅವತ್ತು ಹಿಂದೆ ಸರಿದು ನಿಂತರು. ಪ್ರೊಫೆಸರ್ ಷಣ್ಮುಖಪ್ಪನವರೇ ಕುಂಕುಮದ ಬಟ್ಟಲು ಕೊಟ್ಟು, “ರಂಗನಾಯಕಿ, ನೀನೇ ಹಚ್ಚಮ್ಮ. ಒಂದೂ ಬಿಡಬೇಡ. ಹೆಣ್ಣುಮಗಳ ಕೈಯಿಂದಾದ್ರೆ ಲಕ್ಷಣ” ಎಂದರು. ಪಂಪಿಗೆ, ಪದರದ ಆಯಸ್ಕಾಂತ ಗುಣ ಅಳೆಯುವ ಕಾಂತದ ತಕ್ಕಡಿಗೆ, ಮುಚ್ಚಳ ಎತ್ತಿ ಒಳಗಿನ ಕಂಬಿಗಳಿಗೆ, ಬಿಲ್ಲೆ ಹಿಡಿಯುವ ಚೌಕಟ್ಟಿಗೆ, ಎಲ್ಲಕ್ಕೂ ಇಟ್ಟೆ. ಪ್ರೊಫೆಸರ್ ಜರ್ಮನಿಯಿಂದ ತಂದ ಕ್ಯಾಮೆರಾದಲ್ಲಿ ಫೋಟೋ ತೆಗೆದರು. ಮಾರನೆಯ ದಿನ ಸ್ಪಿರಿಟ್ಟಿನಲ್ಲಿ ಎಲ್ಲವನ್ನೂ ಒರೆಸಿದ್ದೂ ನಾನೇ. ಬೆರಳಿನ ಕೆಂಪು ಇನ್ನೂ ಹೋಗಿಲ್ಲ.

ನಿನ್ನ ಹುಡುಗರು ಪಾಠ ಕೇಳುತ್ತಾರಾ? ನೀನು ಹಲಗೆಯ ಕಡೆ ತಿರುಗಿಕೊಂಡೇ ಪಾಠ ಹೇಳುತ್ತೀಯೆಂದು ನನಗೆ ಖಾತ್ರಿ.

ನಿನ್ನ,
ರಂಗಿ


ಅಜ್ಜಂಪುರ
9 ನವೆಂಬರ್ 1981

ಪ್ರೀತಿಯ ರಂಗಿ,

ಹಲಗೆಯ ಕಡೆ ತಿರುಗುವುದು ನಿಜ. ತಿರುಗಿದಾಗ ಹಿಂದಿನ ಬೆಂಚಿನಿಂದ “ಮಿಸ್ಸು ಗೋಡೆಗೆ ಪಾಠ ಮಾಡ್ತವ್ರೆ ಕಣ್ರೋ” ಎಂದು ಕೇಳಿಸಿತು. ಮಾತು ಆಡಿದವನ ದನಿ ಗೊತ್ತು, ಹೆಸರೂ ಗೊತ್ತು. ಆದರೂ ತಿರುಗದೆ ಹಲಗೆಯ ಮೇಲೆ ಬರೆಯುತ್ತಲೇ ಹೋದೆ.

ಬೆಳಿಗ್ಗೆ ಅಜ್ಜಂಪುರದಿಂದ ಬಸ್ಸು ಹತ್ತಿದರೆ ಈರುಳ್ಳಿ ಚೀಲಗಳ ಮಧ್ಯೆ ನಿಂತು ತರೀಕೆರೆ ಸೇರುತ್ತೇನೆ. ಸೀರೆಯ ಸೆರಗು ಸಂಜೆಯವರೆಗೂ ಈರುಳ್ಳಿ ನಾರುತ್ತದೆ. ಅಪ್ಪನ ಈರುಳ್ಳಿ ಮಂಡಿಯಲ್ಲೂ ಅದೇ ವಾಸನೆ. ಮದುವೆಯಾಗುವವನು ಈರುಳ್ಳಿ ವ್ಯಾಪಾರಿಯೇ ಆಗಿರಬೇಕೆಂದು ಅಮ್ಮ ತಮಾಷೆ ಮಾಡುತ್ತಾಳೆ. ತಮಾಷೆಯೋ ಅಲ್ಲವೋ ಗೊತ್ತಿಲ್ಲ.

ನಿನ್ನ ಕಾಗದವನ್ನು ಅಮ್ಮನಿಗೆ ಅರ್ಧ ಓದಿ ಹೇಳಿದೆ.

“ರಂಗಿ ಅಲ್ಲಿ ಏನ್ ಮಾಡ್ತಾಳಂತೆ?”

“ಫಿಲ್ಮ್ ಮಾಡ್ತಾಳಮ್ಮ. ತೆಳ್ಳಗಿನ ಫಿಲ್ಮು.”

“ಅಯ್ಯೋ ಶಿವನೆ! ಅದಕ್ಕಾ ಅಷ್ಟೆಲ್ಲ ಓದ್ಸಿದ್ದು? ಅವಳಪ್ಪ ಶ್ರೀನಿವಾಸಮೂರ್ತಿಗಳು ಲಕ್ಕವಳ್ಳಿ ಡ್ಯಾಮಿನ ಆಫೀಸಲ್ಲಿ ಮರ್ಯಾದೆಯಾಗಿ ಇದ್ದೋರು ಕಣೇ.”

ಸರಿಪಡಿಸುವ ಹೊತ್ತಿಗೆ ಪಕ್ಕದ ಮನೆಯ ಜವರಮ್ಮನಿಗೆ ಸುದ್ದಿ ಹೋಗಿತ್ತು. ಅವಳು ಹೀರೋ ಯಾರೆಂದು ಕೇಳಿದಳು.

ಒಂದು ವಿಷಯ. ನಿಮ್ಮ ಪ್ರೊಫೆಸರ್ ಷಣ್ಮುಖಪ್ಪ ಕಡೂರಿನವರಂತೆ. ನಮ್ಮ ಅಪ್ಪನ ಸೋದರತ್ತೆಯ ಮನೆಯ ಕಡೆ ನೆಂಟಸ್ತಿಕೆ ಇದೆಯಂತೆ. “ನಮ್ಮೋನೇ ಕಣೇ. ನಿನ್ನ ಗೆಳತೀಗೆ ಏನೂ ತೊಂದ್ರೆ ಆಗಾಕಿಲ್ಲ ಬಿಡು” ಎಂದು ಅಪ್ಪ ಹೆಮ್ಮೆಯಿಂದ ಹೇಳಿದ.

ಮೂರು ಮಂಚದ ಮಾತು ಅರ್ಥವಾಯಿತು. ವಿಜ್ಞಾನದಲ್ಲಿ ಅರ್ಥವಾದದ್ದು ಅದೊಂದೇ.

ನಿನ್ನ,
ಮಲ್ಲಿ


ಬೆಂಗಳೂರು
21 ಫೆಬ್ರವರಿ 1982

ಮಲ್ಲಿ,

ದಾಟಿತು ಕಣೇ!

ನವೆಂಬರಿನಿಂದ ಮಾಡಿದ ಪದರಗಳನ್ನೆಲ್ಲ ಅಳೆದು ಮುಗಿಸಿದೆ. ಪಲ್ಲಾಡಿಯಂ ಆಯಸ್ಕಾಂತವಾಗಿದೆ. ಕಾಂತದ ತಕ್ಕಡಿಯ ಮುಳ್ಳು ಮೊದಲ ಸಲ ಸರಿದಾಗ ನನ್ನ ಮೊಣಕೈ ತಾಗಿರಬೇಕೆಂದು ಪಕ್ಕಕ್ಕೆ ಹೋಗಿ ನಿಂತೆ. ಮತ್ತೆ ಸರಿಯಿತು. ಪ್ರೊಫೆಸರನ್ನು ಕರೆದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. “ಬಂತಲ್ಲಮ್ಮ!” ಎಂದರು. ಒಂದೇ ಮಾತು. ಇಡೀ ದಿನ ಅದನ್ನೇ ನನ್ನಷ್ಟಕ್ಕೆ ಹೇಳಿಕೊಂಡು ಓಡಾಡಿದೆ.

ದಸರಾ ಹಬ್ಬಕ್ಕೆ ಮುಂಚೆ ಮಾಡಿದ ಪದರಗಳು ಏನೂ ತೋರಿಸಿರಲಿಲ್ಲ. ಅವು ಕೆಟ್ಟವು, ಒಳಗೆ ಗಾಳಿ ಉಳಿದಿರಬೇಕೆಂದು ಬದಿಗಿಟ್ಟೆವು. ಆಮೇಲೆ ನನ್ನ ಕೈ ಕುದುರಿತೆಂದು ಪ್ರೊಫೆಸರ್ ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ.

ಲೇಖನ ವಿದೇಶದ ಪತ್ರಿಕೆಗೆ ಹೋಯಿತು. ಮೊದಲು ಅವರ ಹೆಸರು, ಆಮೇಲೆ ನನ್ನದು. ಟಿ. ಎಸ್. ರಂಗನಾಯಕಿ. ಟೈಪಾದ ಹಾಳೆಯಲ್ಲಿ ಅದನ್ನು ನೋಡಿ ಬೇರೆ ಯಾರದೋ ಹೆಸರೆಂಬಂತೆ ಓದಿದೆ. ಇದೇ ನನ್ನ ಥೀಸಿಸ್. ಇನ್ನೊಂದು ವರ್ಷ.

ರಂಗಿ


ತರೀಕೆರೆ
30 ಮಾರ್ಚ್ 1982

ಪ್ರೀತಿಯ ರಂಗಿ,

ನಿನ್ನ ಅಪ್ಪ ನಿನ್ನೆ ಕಾಲೇಜಿಗೆ ಬಂದಿದ್ದರು. ಸ್ಟಾಫ್ ರೂಮಿನ ಬಾಗಿಲಲ್ಲಿ ಛತ್ರಿ ಮಡಿಸಿಕೊಂಡು ನಿಂತು, ಒಳಗೆ ಬರಲು ಸಂಕೋಚ ಪಡುತ್ತಿದ್ದರು. ಜೇಬಿನಿಂದ ದಿನಪತ್ರಿಕೆಯ ಕತ್ತರಿಸಿದ ಚೂರು ತೆಗೆದು ನನಗೆ ಕೊಟ್ಟರು. ‘ಕಡೂರಿನ ವಿಜ್ಞಾನಿಯ ಸಾಧನೆ’ ಎಂದು ದೊಡ್ಡಕ್ಷರ. ಪ್ರೊಫೆಸರ ಫೋಟೋ. ಕೊನೆಯ ಸಾಲಿನಲ್ಲಿ ‘ಷಣ್ಮುಖಪ್ಪನವರು ಮತ್ತು ಅವರ ಸಹಾಯಕರು’ ಎಂದಿತ್ತು.

“ಸಹಾಯಕರು ಅಂದ್ರೆ ನಮ್ಮ ರಂಗೀನೇ, ಅಲ್ವೇನಮ್ಮ?” ಎಂದರು.

“ಹೌದು ಮೇಷ್ಟ್ರೇ, ಅವಳೇ” ಎಂದೆ. ಅವರು ಮೇಷ್ಟ್ರಲ್ಲ, ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದು. ಅವರು ಅದನ್ನೂ ಗಮನಿಸಲಿಲ್ಲ. ಆ ಚೂರನ್ನು ಹಾಲಿನ ಕೂಪನ್ನುಗಳ ಜೊತೆ ಮತ್ತೆ ಜೇಬಿಗೆ ಸೇರಿಸಿ ಹೊರಟರು.

ಲೇಖನದಲ್ಲಿ ನಿನ್ನ ಹೆಸರು ಅಚ್ಚಾದಾಗ ಒಂದು ಪ್ರತಿ ಅವರಿಗೆ ಕಳಿಸು. ಇಂಗ್ಲಿಷಿನಲ್ಲಿದ್ದರೇನು.

ಮಲ್ಲಿ


ಬೆಂಗಳೂರು
11 ಆಗಸ್ಟ್ 1982

ಮಲ್ಲಿ,

ಇದನ್ನು ಓದಿದ ಮೇಲೆ ಒಲೆಗೆ ಹಾಕು. ಮನೆಯಲ್ಲಿ ಯಾರಿಗೂ ಓದಿ ಹೇಳಬೇಡ.

ಹೋದ ವಾರ ಗಾಜಿನ ಬಿಲ್ಲೆ ಹಿಡಿಯುವ ಚೌಕಟ್ಟಿನ ತಿರುಪು ಸವೆದಿತ್ತೆಂದು ಬಿಚ್ಚಿದೆ. ತಿರುಪಿನ ಸಾಲುಗಳ ಒಳಗೆ ಕಪ್ಪು ಪುಡಿ. ತಳದಲ್ಲಿ ಮಾತ್ರ ಕೆಂಪು. ಒಂದು ಗಳಿಗೆ ಅದೇನೆಂದು ಹೊಳೆಯಲಿಲ್ಲ. ಆಮೇಲೆ ಬೆರಳಿಗೆ ಹಚ್ಚಿಕೊಂಡು ನೋಡಿದೆ.

ಕುಂಕುಮ ಕಣೇ. ಆಯುಧಪೂಜೆಯ ಕುಂಕುಮ. ನಾನಿಟ್ಟದ್ದು.

ಅದೇ ಅಂಗಡಿಗೆ ಹೋಗಿ ಅದೇ ಕುಂಕುಮ ತಂದೆ. ಅರಿಶಿನದಿಂದ ಮಾಡಿದ್ದಲ್ಲ, ನೆಲಕ್ಕೆ ಹಾಕುತ್ತಾರಲ್ಲ, ಆ ರೆಡ್ ಆಕ್ಸೈಡ್ ಬೆರೆಸಿದ್ದು. ಅಂದರೆ ಕಬ್ಬಿಣದ ತುಕ್ಕು. ಗಾಳಿಯಿಲ್ಲದ ಕಡೆ, ಪಂಪಿನ ಎಣ್ಣೆಯ ಆವಿಯ ಜೊತೆ ಕಾಯಿಸಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಮಾಡಿ ನೋಡಿದೆ. ಆಯಸ್ಕಾಂತ ಹಿಡಿದ ಕೂಡಲೇ ಪುಡಿ ನೆಗೆದು ಬಂದು ಅಂಟಿಕೊಂಡಿತು. ತಿರುಪು ಬಿಗಿ ಮಾಡಿದಾಗಲೆಲ್ಲ ಅದರ ಒಂದಿಷ್ಟು ಧೂಳು ಬಿಲ್ಲೆಯ ಅಂಚಿಗೆ ಉದುರಿದೆ. ನಮ್ಮ ಪದರ ಎಷ್ಟು ತೆಳುವೆಂದರೆ ಆ ಧೂಳಿನ ಒಂದು ಕಣದ ಮುಂದೆ ಇಡೀ ಪದರದ ಸದ್ದು ಕೇಳುವುದೇ ಇಲ್ಲ. ಹಬ್ಬಕ್ಕೆ ಮುಂಚಿನ ಪದರಗಳು ಕೆಟ್ಟಿರಲಿಲ್ಲ. ಅವೇ ಸರಿಯಾಗಿದ್ದವು.

ಹೊಸ ತಿರುಪು ಹಾಕಿ, ಎಲ್ಲವನ್ನೂ ಆಸಿಡ್ಡಿನಲ್ಲಿ ತೊಳೆದು, ಮತ್ತೆ ಪದರ ಮಾಡಿದೆ. ಮುಳ್ಳು ಅಲುಗಲಿಲ್ಲ.

ಪ್ರೊಫೆಸರಿಗೆ ತೋರಿಸಿದೆ. ತಿರುಪನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಾಗಿಲು ಹಾಕಿ ಬಂದು, “ನೀನು ಹೇಳೋದು ಸರಿ ಇರಬಹುದಮ್ಮ. ಆದ್ರೆ ನಾನು ಮುಂದಿನ ತಿಂಗಳು ಜಪಾನಿನಲ್ಲಿ ಇದೇ ವಿಷಯ ಮಾತಾಡಬೇಕು. ಬಂದ ಮೇಲೆ ನೋಡೋಣ. ಅಲ್ಲೀವರೆಗೂ ಬಾಯಿ ಬಿಡಬೇಡ” ಎಂದರು.

“ಗೊತ್ತಿದ್ದೂ ಮಾತಾಡ್ತೀರಾ ಸಾರ್?”

“ನನಗೇನೂ ಗೊತ್ತಿಲ್ಲ. ನಿನಗೆ ಅನುಮಾನ ಬಂದಿದೆ, ಅಷ್ಟೆ.”

ಆ ಪತ್ರಿಕೆಗೆ ನಾನೇ ಒಂದು ಪುಟ ಬರೆದಿದ್ದೇನೆ: ನಮ್ಮ ಅಳತೆ ತಪ್ಪು, ಕಾರಣ ಇದು, ಶುದ್ಧವಾದ ಪದರಗಳು ಹೀಗಿವೆ. ಲಕೋಟೆಗೆ ವಿಳಾಸ ಬರೆದಾಗಿದೆ. ಕಳಿಸಿದರೆ ಅವರು ನನ್ನನ್ನು ಲ್ಯಾಬಿನೊಳಗೆ ಬಿಡುವುದಿಲ್ಲ. ಕಳಿಸದಿದ್ದರೆ ನನ್ನ ಹೆಸರು ಒಂದು ಸುಳ್ಳಿನ ಕೆಳಗೆ ಕೂತಿರುತ್ತದೆ. ನನ್ನ ತಲೆ ಓಡುತ್ತಿಲ್ಲ. ನೀನು ಹೇಳು. ನೀನು ಹೇಳಿದಂತೆ ಮಾಡುತ್ತೇನೆ.

ರಂಗಿ


ಅಜ್ಜಂಪುರ
16 ಆಗಸ್ಟ್ 1982

ಪ್ರೀತಿಯ ರಂಗಿ,

ಕಳಿಸಬೇಡ.

ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ. ಅವರು ಕೇಳುತ್ತಿರುವುದು ಜಪಾನಿನಿಂದ ಬರುವವರೆಗಿನ ಸಮಯ ಮಾತ್ರ. ನಿನ್ನ ಥೀಸಿಸ್ಸಿಗೆ ಸಹಿ ಹಾಕಬೇಕಾದವರು ಅವರು. ಬಂದ ಮೇಲೆ ಅವರೇ ತಿದ್ದಿಕೊಂಡರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ನಮ್ಮ ಊರುಗಳಲ್ಲಿ ನಾನು ನೋಡಿರುವುದು ಇದು: ಮೊದಲು ಬಾಯಿ ಬಿಟ್ಟವರನ್ನೇ ಎಲ್ಲರೂ ತಿರುಗಿ ನೋಡುತ್ತಾರೆ. ಅದರಲ್ಲೂ ಹೆಣ್ಣಾದರೆ ಮುಗಿಯಿತು. ನಿನ್ನ ಅಪ್ಪ ಆ ಪತ್ರಿಕೆಯ ಚೂರನ್ನು ಇನ್ನೂ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದಾರೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ ತೋರಿಸುತ್ತಿದ್ದರು.

ವಿಷಯ ಹೇಳದೆ, ಅಪ್ಪನ ಹತ್ತಿರ ಷಣ್ಮುಖಪ್ಪನವರು ಎಂಥವರೆಂದು ಕೇಳಿದೆ. “ಕೈ ಬಿಡೋ ಮನುಷ್ಯ ಅಲ್ಲ ಬಿಡು. ನಮ್ಮ ಜನ ನಂಬಿದೋರ್ನ ನಡು ನೀರಲ್ಲಿ ಬಿಡಾಕಿಲ್ಲ” ಎಂದ.

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಆ ಲಕೋಟೆಯನ್ನೂ ನೀನು ಹಾಗೇ ಮಾಡು.

ನಿನ್ನ,
ಮಲ್ಲಿ


ಬೆಂಗಳೂರು
14 ಜನವರಿ 1983

ಮಲ್ಲಿಕಾಂಬ,

ನಿನ್ನ ಕಾಗದಗಳು ಬಂದಿವೆ. ಉತ್ತರಿಸಲಿಲ್ಲ.

ಅವರು ಜಪಾನಿನಿಂದ ಬಂದರು. ಅಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಬಂದ ಮೇಲೂ ‘ನೋಡೋಣ’ವೇ ನಡೆಯಿತು. ನಾನು ಸುಮ್ಮನಿರಲಿಲ್ಲ, ಡಿಸೆಂಬರಿನವರೆಗೆ ಶುದ್ಧವಾದ ಪದರಗಳನ್ನೇ ಮಾಡಿದೆ. ಒಂದೊಂದು ದಪ್ಪದಲ್ಲೂ ಅಳೆದೆ. ಪಲ್ಲಾಡಿಯಂ ಎಲ್ಲೂ ದಾಟುವುದಿಲ್ಲ. ಆದರೆ ತೆಳುವಾದಂತೆ ಅದು ಹೇಗೆ ಹಿಂಜರಿಯುತ್ತದೆ ಎಂಬುದನ್ನು ತೋರಿಸುವ ಗ್ರಾಫಿನ ಗೆರೆಯೊಂದು ಬಂತು. ಚಂದದ ಗೆರೆ. ನಿಜವಾದ ಗೆರೆ. ಅದನ್ನು ನೋಡಿ ನನಗೆ ಫೆಬ್ರವರಿಗಿಂತ ಹೆಚ್ಚು ಸಂತೋಷವಾಯಿತೆಂದರೆ ನೀನು ನಂಬುವುದಿಲ್ಲ.

ಹೊಸ ವರ್ಷಕ್ಕೆ ಹೊರದೇಶದ ಎರಡು ಲ್ಯಾಬುಗಳಿಂದ ಕಾಗದ ಬಂತು: ನಿಮ್ಮ ಪ್ರಯೋಗ ನಮ್ಮಲ್ಲಿ ಆಗುತ್ತಿಲ್ಲ, ಯಾಕೆ? ಪ್ರೊಫೆಸರ್ ಒಂದೇ ದಿನದಲ್ಲಿ ತಿದ್ದುಪಡಿ ಬರೆದುಬಿಟ್ಟರು. ಒಬ್ಬ ವಿದ್ಯಾರ್ಥಿನಿ ಧಾರ್ಮಿಕ ಆಚಾರದ ಕಾರಣ, ಮೇಲ್ವಿಚಾರಕರ ಗಮನಕ್ಕೆ ಬಾರದಂತೆ, ಯಂತ್ರದ ಒಳಭಾಗಕ್ಕೆ ಕುಂಕುಮ ಹಚ್ಚಿದ್ದರಿಂದ ತಪ್ಪಾಯಿತು; ಅದನ್ನು ನಾವು ಪತ್ತೆ ಹಚ್ಚಿ ಸರಿಪಡಿಸಿದ್ದೇವೆ. ಕೆಳಗೆ ನನ್ನ ಗೆರೆ. ಅವರೊಬ್ಬರ ಹೆಸರು.

“ಇದು ನಿಜ ಅಂತ ಒಂದು ಸಾಲು ಬರೆದು ಸಹಿ ಹಾಕಮ್ಮ. ಥೀಸಿಸ್ ನಾನು ಮುಂದಕ್ಕೆ ಕಳಿಸ್ತೀನಿ” ಎಂದರು.

“ಹಚ್ಚು ಅಂದೋರು ನೀವಲ್ವಾ ಸಾರ್? ಬಟ್ಟಲು ಕೊಟ್ಟೋರು?”

ಅವರು ಮೇಜಿನ ಡ್ರಾಯರಿನಿಂದ ಪೂಜೆಯ ದಿನದ ಫೋಟೋ ತೆಗೆದಿಟ್ಟರು. ಮುಚ್ಚಳ ಎತ್ತಿದ ಯಂತ್ರ, ಬಗ್ಗಿ ನಿಂತ ನಾನು, ನನ್ನ ಕೈಯಲ್ಲಿ ಬಟ್ಟಲು. ಅವರು ಅದರಲ್ಲಿಲ್ಲ. ಫೋಟೋ ತೆಗೆದವರು ಅವರೇ ತಾನೆ. ಅವತ್ತು ಸುತ್ತ ನಿಂತಿದ್ದವರ ಥೀಸಿಸ್ಸಿಗೂ ಅವರದೇ ಸಹಿ ಬೇಕು.

ಆಗಸ್ಟಿನಲ್ಲಿ ಆ ಲಕೋಟೆ ಹೋಗಿದ್ದರೆ ನಾನು ತಪ್ಪು ಹಿಡಿದವಳಾಗುತ್ತಿದ್ದೆ. ಈಗ ತಪ್ಪು ಮಾಡಿದವಳು. ನಡುವೆ ಇದ್ದದ್ದು ಅಂಚೆಯ ಒಂದು ಸ್ಟಾಂಪು.

ನಿಮ್ಮ ಜನ ನಡುನೀರಿನಲ್ಲಿ ಬಿಡುವುದಿಲ್ಲವೆಂದು ನಿಮ್ಮ ತಂದೆ ಹೇಳಿದ್ದರಲ್ಲ. ನನ್ನನ್ನು ದಡದಿಂದಲೇ ನೂಕಿದರೆಂದು ತಿಳಿಸು.

ರಂಗನಾಯಕಿ


ಅಜ್ಜಂಪುರ
20 ಜನವರಿ 1983

ರಂಗಿ,

‘ನಿಮ್ಮ ಜನ’ ಎಂದು ನೀನು ಬರೆದದ್ದನ್ನು ಓದಿ, ಕಾಗದ ಮಡಿಸಿಟ್ಟು, ಮತ್ತೆ ತೆಗೆದು ಓದಿದೆ. ಹಾಸ್ಟೆಲ್ಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು.

ನನ್ನ ಮೇಲೆ ಕೋಪವಿರಲಿ. ಆದರೆ ಸಹಿ ಹಾಕಿಬಿಡು. ಅದು ಒಂದು ಸಾಲು. ತಿದ್ದುಪಡಿಯನ್ನು ಇನ್ನು ಐದು ವರ್ಷಕ್ಕೆ ಯಾರೂ ಓದುವುದಿಲ್ಲ. ಡಿಗ್ರಿ ನೀನು ಸಾಯುವವರೆಗೂ ನಿನ್ನ ಹೆಸರಿನ ಮುಂದಿರುತ್ತದೆ. ಬರಿಗೈಯಲ್ಲಿ ಊರಿಗೆ ಬಂದರೆ ನಿನ್ನನ್ನು ಯಾರೂ ಸತ್ಯವಂತೆ ಎನ್ನುವುದಿಲ್ಲ, ಓದು ಹತ್ತಲಿಲ್ಲ ಎನ್ನುತ್ತಾರೆ. ಅದನ್ನು ನೀನು ದಿನಾ ಕೇಳಬೇಕು. ನನಗೆ ಈ ಊರುಗಳು ಗೊತ್ತು.

ನಾನು ಹೇಡಿಯೆಂದು ನೀನು ಅಂದುಕೊಳ್ಳಬಹುದು. ನಿನ್ನ ವಿಷಯದಲ್ಲಿ ನನಗೆ ಭಯ ಜಾಸ್ತಿ.

ಮಲ್ಲಿ


ಕಡೂರು
4 ಜುಲೈ 1983

ಮಲ್ಲಿಕಾಂಬ,

ಹೊಸ ವಿಳಾಸ ತಿಳಿಸಲು ಈ ಕಾರ್ಡು. ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದೇನೆ. ಸಹಿ ಹಾಕಲಿಲ್ಲ. ಥೀಸಿಸ್ ಅವರ ಬೀರುವಿನಲ್ಲಿದೆ. ತಿದ್ದುಪಡಿ ನನ್ನ ಸಹಿಯಿಲ್ಲದೆಯೂ ಅಚ್ಚಾಯಿತು.

ಬೆಂಗಳೂರಿನ ನೀರು ಒಗ್ಗಲಿಲ್ಲವೆಂದು ಮನೆಯಲ್ಲಿ ಹೇಳಿದ್ದೇನೆ. ಅಪ್ಪ ಕೇಳಿದರೆ ನೀನೂ ಹಾಗೇ ಹೇಳು.

ರಂಗನಾಯಕಿ


ಅಜ್ಜಂಪುರ
26 ಅಕ್ಟೋಬರ್ 1983

ರಂಗಿ,

ಈ ನಡುವೆ ಬರೆದ ಕಾಗದಗಳಿಗೆ ನೀನು ಉತ್ತರಿಸಿಲ್ಲ. ಹೋದ ಶನಿವಾರ ನಾನೇ ಕಡೂರಿಗೆ ಬಂದೆ. ಅಮ್ಮ ನಿನಗೆಂದು ಚಟ್ನಿಪುಡಿ ಕಟ್ಟಿಕೊಟ್ಟಿದ್ದಳು. ನಿನ್ನ ಕಾಲೇಜಿನ ಗೇಟಿನ ಎದುರು, ಸೈಕಲ್ ಅಂಗಡಿಯ ನೆರಳಿನಲ್ಲಿ ನಿಂತಿದ್ದೆ. ನೀನು ಹೊರಗೆ ಬಂದೆ. ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಎಳೆದು ಕಟ್ಟಿದ್ದೆ. ಮುಖ ಚಿಕ್ಕದಾಗಿ ಕಾಣುತ್ತಿತ್ತು. ಹಣೆ ಖಾಲಿ. ಯಾರೋ ಹುಡುಗಿ ಏನೋ ಕೇಳಿದಳು, ನೀನು ಅವಳ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೇ ಕೂತು ವಿವರಿಸಿದೆ. ಅಷ್ಟು ಹೊತ್ತೂ ನಾನು ಅಲ್ಲೇ ಇದ್ದೆ. ಆಮೇಲೆ ಬೀರೂರಿನ ಬಸ್ಸು ಬಂತು, ಹತ್ತಿದೆ.

ಚಟ್ನಿಪುಡಿ ಕೊಟ್ಟೆನೆಂದು ಅಮ್ಮನಿಗೆ ಹೇಳಿದೆ. ಚೆನ್ನಾಗಿತ್ತೆಂದು ನೀನು ಹೇಳಿದೆ ಎಂದೂ.

ಮಲ್ಲಿ


ಅಜ್ಜಂಪುರ
19 ಫೆಬ್ರವರಿ 1984

ರಂಗಿ,

ಇದನ್ನು ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕು.

ಮೊನ್ನೆ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಸಂಘದ ಸಮಾರಂಭ. ಮುಖ್ಯ ಅತಿಥಿ ಷಣ್ಮುಖಪ್ಪನವರು. ಪ್ರಿನ್ಸಿಪಾಲ್ ಓಬಳಪ್ಪನವರು ಹಿಂದಿನ ದಿನವಷ್ಟೇ ನನ್ನನ್ನು ಕರೆದು, “ವಂದನಾರ್ಪಣೆ ನೀವೇ ಮಾಡಿ. ಕನ್ನಡದೋರು, ಚಂದ ಮಾತಾಡ್ತೀರ” ಎಂದರು. ನಾನು ಚಂದ ಮಾತಾಡಿದ್ದನ್ನು ಅವರು ಯಾವತ್ತೂ ಕೇಳಿಲ್ಲ. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಸಭಾಂಗಣ ತುಂಬಿತ್ತು. ಲಕ್ಕವಳ್ಳಿ, ಅಮೃತಾಪುರದ ಕಡೆಯಿಂದಲೂ ಹುಡುಗರು ಬಂದಿದ್ದರು. ನಿನ್ನ ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಮಗಳ ಗುರುಗಳೆಂದು ಹೋಗಿ ಕೈ ಮುಗಿದರು. ಅವರೂ ಎದ್ದು ಕೈ ಮುಗಿದು, “ಓ, ರಂಗನಾಯಕಿ ತಂದೆಯವರಾ? ಜಾಣೆ ಹುಡುಗಿ. ಆರೋಗ್ಯ ಕೈಕೊಡ್ತು, ಪಾಪ” ಎಂದರು. ನಾನು ಎರಡು ಹೆಜ್ಜೆ ಹಿಂದೆಯೇ ಹೂವಿನ ಹಾರ ಹಿಡಿದು ನಿಂತಿದ್ದೆ.

ಭಾಷಣ ಚೆನ್ನಾಗಿತ್ತು. ಅದೇ ಕಷ್ಟ. ತೆಳು ಪದರ, ಇಲೆಕ್ಟ್ರಾನು, ಎಲ್ಲವನ್ನೂ ಹಳ್ಳಿ ಹುಡುಗರಿಗೂ ತಿಳಿಯುವ ಹಾಗೆ ಹೇಳಿದರು. ನೀನು ನನಗೆ ಬರೆದ ಹಾಸ್ಟೆಲ್ ರೂಮಿನ ಮಂಚದ ಲೆಕ್ಕವನ್ನೂ ಹೇಳಿದರು. ಅದನ್ನು ಅವರಿಗೆ ಯಾವಾಗ ಹೇಳಿದ್ದೆಯೋ. ಆಮೇಲೆ ನಗುತ್ತಾ, “ಈಗ ಒಂದು ತಮಾಷೆ ಕೇಳಿ. ನಮ್ಮ ಲ್ಯಾಬಲ್ಲಿ ಒಬ್ಳು ಹುಡುಗಿ. ಭಾಳ ದೈವಭಕ್ತಿ. ನಮಗ್ಯಾರಿಗೂ ಹೇಳದೆ ಮಷೀನಿನ ಹೊಟ್ಟೆ ಒಳಗೆಲ್ಲ ಕುಂಕುಮ ಇಟ್ಬಿಟ್ಳು! ನಮ್ಮ ಪಲ್ಲಾಡಿಯಂ ಮುತ್ತೈದೆ ಆಗ್ಬಿಡ್ತು, ಆಯಸ್ಕಾಂತ ಆಗ್ಬಿಡ್ತು!” ಎಂದರು.

ಸಭೆಗೆ ಸಭೆಯೇ ನಕ್ಕಿತು. ಹಿಂದಿನಿಂದ ಯಾರೋ “ಅರಿಶಿನಾನೂ ಹಚ್ಬೇಕಿತ್ತು ಸಾ!” ಎಂದು ಕೂಗಿದ. ಮತ್ತೆ ನಗು. ನಿನ್ನ ಅಪ್ಪ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಆಮೇಲೆ ನಾವು ಪತ್ತೆ ಹಚ್ಚಿ, ಎಲ್ಲ ತೊಳೆದು, ಮತ್ತೆ ಮಾಡಿದ್ವಿ. ಇದು ನಮಗೆ ಸಿಕ್ಕ ನಿಜ” ಎಂದು ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಎಡದಿಂದ ಏರಿ ಬಂದು, ಬಾಗಿ, ನಿಧಾನಕ್ಕೆ ಸಮವಾಗುವ ಗೆರೆ. ಕೆಳಗೆ ಅಂಕಿಗಳು ನಿನ್ನ ಕೈಬರಹ. ಏಳನ್ನು ನೀನು ಅಡ್ಡಗೆರೆ ಹಾಕಿ ಬರೆಯುತ್ತೀಯಲ್ಲ. ಚಂದದ ಗೆರೆ ಎಂದು ನೀನು ಬರೆದದ್ದು ಇದೇ ಎಂದು ತಿಳಿಯಿತು.

ನನ್ನ ಸರದಿ ಬಂತು. ಮೈಕಿನ ಮುಂದೆ ಹೋಗಿ ನಿಂತೆ. ಅಧ್ಯಕ್ಷರಿಗೆ, ಬಂದ ಊರ ಹಿರಿಯರಿಗೆ, ಮೈಕ್ ಸೆಟ್ಟಿನವರಿಗೆ, ಕಾಫಿ ಮಾಡಿದ ಈರಣ್ಣನಿಗೆ, ಬೆಂಚು ಹೊತ್ತ ಹುಡುಗರಿಗೆ, ಎಲ್ಲರಿಗೂ ಹೆಸರು ಹೇಳಿ ವಂದಿಸಿದೆ. ಷಣ್ಮುಖಪ್ಪನವರ ಹೆಸರು ಹೇಳಲಿಲ್ಲ. ಮರೆತದ್ದಲ್ಲ. ನಿಂತು, ನೀರು ಕುಡಿದು, ಬೇಕೆಂದೇ ಬಿಟ್ಟೆ. ಕೂತುಕೊಂಡೆ.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಓಬಳಪ್ಪನವರು ಓಡಿಬಂದು ಮೈಕ್ ಹಿಡಿದು, “ಡಾಕ್ಟರ್ ಷಣ್ಮುಖಪ್ಪನವರಿಗೆ, ನಮ್ಮ ತಾಲ್ಲೂಕುಗಳ ಹೆಮ್ಮೆಯ ಷಣ್ಮುಖಪ್ಪನವರಿಗೆ” ಎಂದು ಮತ್ತೆ ಮತ್ತೆ ವಂದಿಸಿದರು. ಇಳಿದ ಮೇಲೆ ನನ್ನ ಹತ್ತಿರ ಬಂದು, “ಏನ್ರೀ ಇದು! ಮದುವೇಲಿ ಗಂಡಿನ ಹೆಸ್ರೇ ಮರೆತಂಗಾಯ್ತಲ್ರೀ” ಎಂದರು. ನಾನು ತಲೆ ತಗ್ಗಿಸಲಿಲ್ಲ. ಮುಂದಿನ ವರ್ಷಕ್ಕೆ ನನ್ನ ಕೆಲಸ ಮುಂದುವರಿಸುವ ಆರ್ಡರು ಬರುವುದು ಅನುಮಾನ. ಮನೆಯಲ್ಲಿ ಅಪ್ಪ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. “ನಮ್ಮೋನ ಮಾನ ಸಭೇಲಿ ಕಳೆದ್ಲು” ಎಂದು ಅಮ್ಮನ ಹತ್ತಿರ ಹೇಳಿದನಂತೆ.

ಇದು ಸಣ್ಣದೆಂದು ನನಗೆ ಗೊತ್ತು ರಂಗಿ. ಆದರೆ ನನ್ನ ಕೈಲಾದದ್ದು. ನಿನಗಾಗಿ ಮಾಡಿದೆ. ಆವತ್ತು ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಒಂದು ಸಾಲು ಬರಿ.

ನಿನ್ನ,
ಮಲ್ಲಿ


ಕಡೂರು
6 ಮಾರ್ಚ್ 1984

ಮಲ್ಲಿಕಾಂಬ,

ಅಪ್ಪ ಹೋದ ಭಾನುವಾರ ಇಲ್ಲಿಗೆ ಬಂದಿದ್ದರು. ಊಟಕ್ಕೆ ಕೂತಾಗ ಅವರೇ ತೆಗೆದರು. “ನಿಮ್ಮ ಪ್ರೊಫೆಸರ್ ಎಂಥಾ ಮಾತುಗಾರ ಕಣೇ! ಯಾವಳೋ ಹುಡುಗಿ ಮಷೀನಿಗೆ ಕುಂಕುಮ ಇಟ್ಟಳಂತೆ” ಎಂದು ಶುರು ಮಾಡಿದರು. ಪೂರ್ತಿ ಹೇಳಿದರು, ಮುತ್ತೈದೆಯವರೆಗೂ. ಹೇಳುತ್ತಾ ಮತ್ತೆ ನಗು ಬಂದು ಕೆಮ್ಮು ಹತ್ತಿತು. ನಾನು ನೀರು ಕೊಟ್ಟೆ. ಸಾರು ಬಡಿಸಿದೆ. ಆಮೇಲೆ, “ಆ ಹುಡುಗಿ ನಾನೇ ಅಪ್ಪ” ಎಂದೆ.

ಬಟ್ಟಲಿನಿಂದ ಹಿಡಿದು ಬೀರುವಿನವರೆಗೆ ಎಲ್ಲ ಹೇಳಿದೆ. ಅವರು ಕಲಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಕೇಳಿದರು. ನಂಬಿದರು; ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಕೈ ತೊಳೆದು ಬಂದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: “ಆ ಹುಡುಗಿ ನೀನು ಅಂತ ಯಾರ ಹತ್ರಾನೂ ಹೇಳ್ಬೇಡ ಕಣಮ್ಮ. ಯಾರಿಗೂ ಗೊತ್ತಿಲ್ಲ ತಾನೆ? ಹಂಗೇ ಇರ್ಲಿ.”

ಸಂಜೆಯ ಬಸ್ಸಿಗೆ ಹೋದರು. ಅವರ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಅಂದಿನವರೆಗೆ ಏನೂ ಗೊತ್ತಿರಲಿಲ್ಲ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಪ್ರೊಫೆಸರ ಹೆಸರು ಬಿಟ್ಟೆಯೆಂದು ಬರೆದಿದ್ದೀಯ. ಅದಕ್ಕೆ ನಿನ್ನ ಕೆಲಸಕ್ಕೆ ಕುತ್ತು ಬಂತೆಂದೂ, ನಿನಗೆ ನಿದ್ದೆ ಬಂತೆಂದೂ. ಕೆಲಸ ಹೋಗದಿರಲಿ.

ಅವರ ಹೆಸರನ್ನು ನೀನು ಬಿಟ್ಟರೆ ಹೇಳುವವರು ಸಭೆಯ ತುಂಬ ಇದ್ದರು. ನಿಮ್ಮ ಪ್ರಿನ್ಸಿಪಾಲರು ಓಡಿಬಂದು ಹೇಳಿದರಲ್ಲ. ಆ ಗೆರೆ ಯಾರದೆಂದು ಗೊತ್ತಿದ್ದವಳು, ಅವರನ್ನು ಬಿಟ್ಟರೆ, ಅಲ್ಲಿ ನೀನೊಬ್ಬಳೇ. ಅಂಕಿಗಳ ಬರಹವನ್ನೂ ಗುರುತು ಹಿಡಿದೆ. ಮೈಕು ನಿನ್ನ ಕೈಯಲ್ಲಿತ್ತು. ಕಾಫಿ ಮಾಡಿದ ಈರಣ್ಣನ ಹೆಸರನ್ನು ಕೂಡ ಹೇಳಿದೆ.

ಇತಿ,
ಟಿ. ಎಸ್. ರಂಗನಾಯಕಿ